ಹೊಟ್ಟೆಯೊಳಗಿನ ರೇಡಿಯೊದಿಂದ ಮುಚ್ಚಿದ ಬಾಗಿಲಿನವರೆಗೆ

(ಮಂಡ್ಯದಲ್ಲಿ ಅಂಗನವಾಡಿ ಕಾರ್ಯಕರ್ತೆಯರು, ತಾಯಂದಿರು, ಒಂದಷ್ಟು ಅಪ್ಪಂದಿರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳು. ಮೊಬೈಲಿನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳಿ ನಾನೇ ಬರೆದುಕೊಂಡೆ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬ್ಯಾನರಿನಲ್ಲಿ "ಗರ್ಭದಿಂದ ಹರೆಯದವರೆಗೆ ಮಗುವಿನ ಮನಸ್ಸು" ಅಂತ ಹಾಕಿಸಿದ್ದೀರಿ. ನನಗೆ ಕೊಟ್ಟಿರುವುದು ಒಂದು ಗಂಟೆ. 18 ವರ್ಷ 9 ತಿಂಗಳನ್ನು ಒಂದು ಗಂಟೆಯಲ್ಲಿ ಮುಗಿಸಬೇಕು, ಆಮೇಲೆ ಊಟ. ಹಾಗಾಗಿ ಎಲ್ಲವನ್ನೂ ಹೇಳುವ ಆಸೆ ಬಿಟ್ಟಿದ್ದೇನೆ.

ಹೋದ ವಾರ ನೀವು ಪ್ರಶ್ನೆ ಬರೆದ ಚೀಟಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಕಳಿಸಿದ್ದಿರಿ. ರಾತ್ರಿ ಕೂತು ಮಕ್ಕಳ ವಯಸ್ಸಿನ ಪ್ರಕಾರ ಜೋಡಿಸಿದೆ. 2-3 ವರ್ಷದವರ ಬಗ್ಗೆ ಒಂದು ದೊಡ್ಡ ರಾಶಿ. 14-15ರವರ ಬಗ್ಗೆ ಇನ್ನೊಂದು ರಾಶಿ. ಬಸುರಿಯರ ಬಗ್ಗೆ ಎರಡು ಚೀಟಿ. 6ರಿಂದ 10ರವರೆಗಿನ ಮಕ್ಕಳ ಬಗ್ಗೆ ಒಂದೇ ಒಂದು, ಅದೂ ಅಕ್ಷರ ದುಂಡಗಿಲ್ಲ ಅನ್ನುವ ದೂರು. ಇದನ್ನು ನೋಡಿ ನನಗೆ ನಗು ಬಂತು. ಮಗು "ಬೇಡ", "ಹೋಗಲ್ಲ" ಅಂದಾಗ ಮಾತ್ರ ಅದಕ್ಕೊಂದು ಮನಸ್ಸಿದೆ ಅಂತ ನಮಗೆ ನೆನಪಾಗುವುದು, ಅಲ್ವಾ?

ನಾನು ಓದಿದ್ದು ಮಾನಸಗಂಗೋತ್ರಿಯಲ್ಲಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರದ ವಿಭಾಗ ಶುರುವಾಗಿದ್ದು 1924ರಲ್ಲಿ. ಅದನ್ನು ಕಟ್ಟಿದವರು ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ. ಆದರೆ ಅವರನ್ನು ಜನ ಈಗ ನೆನೆಯುವುದು ಬೇರೆ ಕಾರಣಕ್ಕೆ. 1935ರಲ್ಲಿ ಅವರು ತಮ್ಮ ಮನೆಯಲ್ಲೇ ಒಂದು ಪುಟ್ಟ ರೇಡಿಯೊ ಕೇಂದ್ರ ನಡೆಸಲು ಶುರು ಮಾಡಿದರು. "ಆಕಾಶವಾಣಿ" ಅನ್ನುವ ಹೆಸರು ಕೇಳಿಬಂದಿದ್ದು ಅಲ್ಲಿಂದ. ಮನಸ್ಸಿನ ಮೇಷ್ಟ್ರಿಗೆ ರೇಡಿಯೊ ಹುಚ್ಚು ಯಾಕಪ್ಪಾ ಅಂತ ನಾವು ಓದುವಾಗ ತಮಾಷೆ ಮಾಡುತ್ತಿದ್ದೆವು. ಈಗ ಹೊಟ್ಟೆಯೊಳಗಿನ ಮಗುವಿನ ವಿಷಯ ಹೇಳಬೇಕಾದರೆ ನನಗೂ ರೇಡಿಯೊನೇ ನೆನಪಿಗೆ ಬರುತ್ತದೆ.

ಪಕ್ಕದ ಮನೆಯಲ್ಲಿ ರೇಡಿಯೊ ಹಾಕಿದ್ದಾರೆ ಅಂದುಕೊಳ್ಳಿ. ನಡುವೆ ಗೋಡೆ. ವಾರ್ತೆಯೋ ಹಾಡೋ ಗೊತ್ತಾಗುತ್ತದೆ. ಹೆಂಗಸಿನ ದನಿಯೋ ಗಂಡಸಿನ ದನಿಯೋ ಗೊತ್ತಾಗುತ್ತದೆ. ಏನು ಹೇಳುತ್ತಿದ್ದಾರೆ ಅನ್ನುವುದು ಮಾತ್ರ ತಿಳಿಯುವುದಿಲ್ಲ. ಆರು ತಿಂಗಳು ತುಂಬುವ ಹೊತ್ತಿಗೆ ಕೂಸಿಗೆ ಹೀಗೆ ಕೇಳಿಸಲು ಶುರುವಾಗುತ್ತದೆ. ಅಮ್ಮನ ಎದೆಬಡಿತ, ಹೊಟ್ಟೆಯ ಗುಡುಗುಡು, ಎಲ್ಲಕ್ಕಿಂತ ಚೆನ್ನಾಗಿ ಅಮ್ಮನ ದನಿ. ಉಳಿದವರ ದನಿ ಹೊರಗಿನಿಂದ ಬರಬೇಕು. ಅಮ್ಮನದು ಮೈಯೊಳಗಿನಿಂದಲೇ ಬರುತ್ತದೆ.

ಎರಡು ಚೀಟಿಯಲ್ಲಿ ಒಂದು ಇದೇ. "ಅಭಿಮನ್ಯು ಹೊಟ್ಟೆಯಲ್ಲೇ ಚಕ್ರವ್ಯೂಹ ಕಲಿತ ಅಂತಾರೆ. ನಾವು ಏನು ಕೇಳಿಸಬೇಕು? ಹೊಟ್ಟೆಗೆ ಇಯರ್‌ಫೋನ್ ಇಡಬಹುದಾ?" ದಯವಿಟ್ಟು ಇಡಬೇಡಿ. ಕೂಸು ವ್ಯೂಹದ ಲೆಕ್ಕ ಕಲಿಯುವುದಿಲ್ಲ, ಇಂಗ್ಲಿಷ್ ಪದವೂ ಕಲಿಯುವುದಿಲ್ಲ. ಅದು ಕಲಿಯುವುದು ರಾಗ. 1980ರಲ್ಲಿ ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ ಅನ್ನುವ ಇಬ್ಬರು ಹುಟ್ಟಿ ಮೂರು ದಿನವೂ ಆಗದ ಶಿಶುಗಳ ಬಾಯಿಗೆ ಒಂದು ಚೀಪುವ ನಿಪ್ಪಲ್ ಕೊಟ್ಟರು. ಒಂದು ಥರ ಚೀಪಿದರೆ ತನ್ನ ಅಮ್ಮನ ದನಿ ಕೇಳುತ್ತದೆ, ಇನ್ನೊಂದು ಥರ ಚೀಪಿದರೆ ಬೇರೆ ಹೆಂಗಸಿನ ದನಿ. ಕೂಸುಗಳು ಅಮ್ಮನ ದನಿ ಬರುವ ಹಾಗೆ ಚೀಪುವುದನ್ನು ಬದಲಾಯಿಸಿಕೊಂಡವು. 1986ರಲ್ಲಿ ಡಿಕ್ಯಾಸ್ಪರ್ ಇನ್ನೊಂದು ಮಾಡಿ ನೋಡಿದರು. ಕೊನೆಯ ಆರು ವಾರ ಬಸುರಿಯರು ದಿನಕ್ಕೆರಡು ಸಲ ಒಂದೇ ಪ್ರಾಸದ ಕಥೆ ಗಟ್ಟಿಯಾಗಿ ಓದಿದರು. ಹುಟ್ಟಿದ ಮೇಲೆ ಅದೇ ಕಥೆಯನ್ನು ಬೇರೆ ಯಾರೋ ಓದಿದರೂ ಮಕ್ಕಳು ಹೊಸ ಕಥೆಗಿಂತ ಅದನ್ನೇ ಬಯಸಿದವು. ಜರ್ಮನಿ ಮತ್ತು ಫ್ರಾನ್ಸಿನ ಹಸುಗೂಸುಗಳ ಅಳುವನ್ನು 2009ರಲ್ಲಿ ಹೋಲಿಸಿ ನೋಡಿದಾಗ, ಫ್ರೆಂಚ್ ಕೂಸಿನ ಅಳು ಕೊನೆಗೆ ಮೇಲಕ್ಕೆ ಏರುತ್ತಿತ್ತು, ಜರ್ಮನ್ ಕೂಸಿನದು ಕೆಳಕ್ಕೆ ಇಳಿಯುತ್ತಿತ್ತು. ಅವರವರ ಭಾಷೆಯ ಧಾಟಿ ಹಾಗೇ ಇದೆ. ಮಂಡ್ಯದ ಕೂಸು ಮಂಡ್ಯದ ರಾಗದಲ್ಲೇ ಅಳುತ್ತದೆ ಅಂತ ಇಟ್ಟುಕೊಳ್ಳೋಣ.

ಹಾಗಾಗಿ ಬಸುರಿ ಮಾತಾಡಿದರೆ ಸಾಕು. ಎಮ್ಮೆಗೆ ಬೈದರೂ ಆಯಿತು. ಸೀಮಂತದಲ್ಲಿ ಗಾಜಿನ ಬಳೆ ತೊಡಿಸುವುದು ಕೂಸಿಗೆ ಸದ್ದು ಕೇಳಲಿ ಅಂತ ಎಂದು ಈಚೆಗೆ ತುಂಬ ಜನ ಹೇಳುತ್ತಾರೆ. ನನಗೆ ಅದು ಅಷ್ಟು ಒಪ್ಪಿಗೆ ಇಲ್ಲ. ಬಳೆಯ ಕಿಣಿಕಿಣಿಯಂಥ ಚೂಪು ಸದ್ದು ಒಳಗೆ ಹೋಗುವುದು ಕಷ್ಟ, ತಗ್ಗಿನ ದನಿಯೇ ಚೆನ್ನಾಗಿ ದಾಟುವುದು. ಆದರೆ ಹತ್ತು ಜನ ಹೆಂಗಸರು ಸುತ್ತ ಕೂತು ಒಬ್ಬಳ ಕೈ ಹಿಡಿದು ಬಳೆ ತೊಡಿಸುತ್ತಾರಲ್ಲ, ಆ ಹೊತ್ತು ಅವಳಿಗೆ ಬೇಕು. ಬಳೆ ಅವಳಿಗೆ, ಕೂಸಿಗಲ್ಲ.

ರುಚಿ ಕೂಡ ಒಳಗೇ ಶುರು. ಅಮ್ಮ ತಿಂದ ಬೆಳ್ಳುಳ್ಳಿಯ ವಾಸನೆ ಮಗು ತೇಲುವ ನೀರಿಗೆ ಇಳಿಯುತ್ತದೆ. ಕೂಸು ಆ ನೀರನ್ನು ಗುಟುಕರಿಸುತ್ತಲೇ ಇರುತ್ತದೆ. ಅಮೆರಿಕದಲ್ಲಿ ಬಸುರಿಯರಿಗೆ ಕ್ಯಾರೆಟ್ ರಸ ಕುಡಿಸಿ ನೋಡಿದರು. ಅವರ ಮಕ್ಕಳು ಅನ್ನ ತಿನ್ನುವ ವಯಸ್ಸಿಗೆ ಬಂದಾಗ ಕ್ಯಾರೆಟ್ ಹಾಕಿದ ಗಂಜಿಗೆ ಮುಖ ಕಿವುಚಿದ್ದು ಕಡಿಮೆ. ನಿಮ್ಮ ಮಗು ಬಸ್ಸಾರು ಮುದ್ದೆ ತಿನ್ನಬೇಕಾದರೆ ಬಸುರಿಯಲ್ಲಿ ನೀವು ಬಸ್ಸಾರು ತಿನ್ನಿ, ಅಷ್ಟೆ. ಕಬ್ಬಿಣದ ಮಾತ್ರೆ, ಫೋಲಿಕ್ ಆಸಿಡ್, ಅಯೋಡಿನ್ ಉಪ್ಪಿನ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಂದೇ ಮಾತು ಸೇರಿಸುತ್ತೇನೆ. ಮೆದುಳು ಬೆನ್ನುಹುರಿ ಆಗುವ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ನಿಂತ 28 ದಿನದೊಳಗೆ. ಆಗ ಎಷ್ಟೋ ಜನಕ್ಕೆ ತಾವು ಬಸುರಿ ಅಂತಲೇ ಗೊತ್ತಿರುವುದಿಲ್ಲ. ಫೋಲಿಕ್ ಮಾತ್ರೆ ಅದಕ್ಕೂ ಮೊದಲೇ ಶುರುವಾಗಬೇಕು.

ಎರಡನೇ ಚೀಟಿ. "ಒಂಬತ್ತು ತಿಂಗಳೂ ಅತ್ತೆ ಗಂಡೋ ಹೆಣ್ಣೋ ಅಂತ ಕೇಳ್ತಾನೇ ಇರ್ತಾರೆ. ನಂಗೆ ನಿದ್ದೆ ಬರಲ್ಲ." ಮಂಡ್ಯದಲ್ಲಿ ನಿಂತು ಇದನ್ನು ಹಾರಿಸಿ ಮುಂದೆ ಹೋಗಲು ನನಗೆ ಬಾಯಿ ಬರುವುದಿಲ್ಲ. ಭ್ರೂಣದ ಲಿಂಗ ಪತ್ತೆ ಮಾಡಬಾರದು ಅಂತ ಕಾನೂನು ಬಂದಿದ್ದು 1994ರಲ್ಲಿ. 2023ರಲ್ಲಿ ಇದೇ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಾಡುತ್ತಿದ್ದುದು ಸಿಕ್ಕಿಬಿತ್ತು. ಬೆಲ್ಲ ಕಾಯಿಸುವ ಜಾಗದಲ್ಲಿ! ಸುಮ್ಮನೆ ಒಂದೆರಡು ದಿನದ ಬೇಜಾರಿನಿಂದ ಕೂಸಿಗೆ ಏನೂ ಆಗುವುದಿಲ್ಲ, ಯಾವ ಬಸುರಿಯೂ ಹೆದರಬೇಕಿಲ್ಲ. ಆದರೆ ತಿಂಗಳುಗಟ್ಟಲೆ ಹೆದರಿಕೊಂಡು ಬದುಕಿದರೆ ಆ ಹೆದರಿಕೆಯ ಹಾರ್ಮೋನು ಕೂಸಿನವರೆಗೂ ಹೋಗುತ್ತದೆ. ಈ ಚೀಟಿಗೆ ನನ್ನ ಉತ್ತರ ಇರುವುದು ಅದನ್ನು ಬರೆದವಳಿಗೆ ಅಲ್ಲ. ಅವಳ ಅತ್ತೆಗೆ, ಗಂಡನಿಗೆ.

ಹುಟ್ಟಿತು. ಹಸುಗೂಸಿಗೆ ಒಂದು ಗೇಣಿಗಿಂತ ಸ್ವಲ್ಪ ಆಚೆಯವರೆಗೆ, ಅಂದರೆ 20-30 ಸೆಂಟಿಮೀಟರ್, ಸುಮಾರಾಗಿ ಕಾಣುತ್ತದೆ. ಉಳಿದಿದ್ದೆಲ್ಲ ಮಂಜು. ಹಾಲು ಕುಡಿಯುವಾಗ ಅಮ್ಮನ ಮುಖ ಎಷ್ಟು ದೂರ ಇರುತ್ತದೋ ಅಷ್ಟೇ ದೂರ. 6-8 ವಾರಕ್ಕೆ ಮುಖ ನೋಡಿ ನಗುತ್ತದೆ. ಅದಕ್ಕೂ ಮೊದಲು ನಿದ್ದೆಯಲ್ಲಿ ನಗುವುದು ಬೇರೆ, ಇದು ಬೇರೆ. ಇದು ನಿಮಗೇ ಅಂತ ನಕ್ಕಿದ್ದು.

1975ರಲ್ಲಿ ಎಡ್ವರ್ಡ್ ಟ್ರೊನಿಕ್ ಅನ್ನುವವರು ಮಾಡಿ ತೋರಿಸಿದ ಒಂದು ಪ್ರಯೋಗವನ್ನು ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ. ಅಮ್ಮ ಮಗು ಎದುರುಬದುರು ಕೂತು ಆಡುತ್ತಿದ್ದಾರೆ. ಮಗು "ಊ" ಅಂದರೆ ಅಮ್ಮ "ಊ" ಅನ್ನುತ್ತಾಳೆ. ಆಮೇಲೆ ಅಮ್ಮ ಎರಡು ಮೂರು ನಿಮಿಷ ಮುಖ ಕಲ್ಲು ಮಾಡಿಕೊಂಡು ಸುಮ್ಮನೆ ನೋಡುತ್ತಾ ಕೂರಬೇಕು. ಬೈಯುವುದಿಲ್ಲ, ಹೊಡೆಯುವುದಿಲ್ಲ, ಎದ್ದು ಹೋಗುವುದೂ ಇಲ್ಲ. ಮಗು ಮೊದಲು ನಗುತ್ತದೆ. ಕೈ ಚಾಚುತ್ತದೆ. ಕಿರುಚುತ್ತದೆ. ಕೊನೆಗೆ ಮುಖ ತಿರುಗಿಸಿಕೊಂಡು ಕುಗ್ಗಿ ಕೂರುತ್ತದೆ. ನೋಡಲು ಆಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಯಾರಾದರೂ ಕೂಗಿದರೆ "ಓ" ಅನ್ನುತ್ತೇವಲ್ಲ, ಓಗೊಡುವುದು ಅಂತೀವಲ್ಲ, ಮಗು ಕಾಯುತ್ತಿರುವುದು ಅದೊಂದಕ್ಕೇ.

ನಿಮ್ಮ ಡಬ್ಬಿಯಲ್ಲಿ ದೊಡ್ಡವರು ಬರೆಯದ ಒಂದು ಚೀಟಿಯೂ ಇತ್ತು. ಪೆನ್ಸಿಲ್ಲಿನಲ್ಲಿ, ಒತ್ತಿ ಒತ್ತಿ ಬರೆದಿದ್ದು. "ನಾನು ಸ್ಕೂಲಿನದು ಹೇಳಿದ್ರೆ ಅಮ್ಮ ಫೋನ್ ನೋಡ್ಕೊಂಡೇ ಹೂಂ ಹೂಂ ಅಂತಾರೆ. ಏನು ಮಾಡಬೇಕು ಮಿಸ್?" ಯಾರ ಮಗು ಅಂತ ಹುಡುಕಬೇಡಿ. ನಮ್ಮನೆಯದೇ ಇದ್ದರೂ ಇರಬಹುದು.

ಇಲ್ಲಿ ಅಮ್ಮಂದಿರ ಮೇಲೆ ಗೂಬೆ ಕೂರಿಸುವುದು ಸುಲಭ. ಅದನ್ನು ಮಾಡಲಾರೆ. ಬಾಣಂತಿಯ ಮುಖ ಕಲ್ಲಾಗಿದ್ದರೆ ಮೊದಲು ಅವಳನ್ನು ನೋಡಿ. ಹೆರಿಗೆಯ ಮೊದಲ ವಾರ ಸುಮ್ಮಸುಮ್ಮನೆ ಅಳು ಬರುವುದು ತುಂಬ ಜನರಿಗೆ ಇರುತ್ತದೆ, ತಾನಾಗಿ ಹೋಗುತ್ತದೆ. ಎರಡು ವಾರ ದಾಟಿಯೂ ಮಂಕು ಕವಿದೇ ಇದ್ದರೆ, ಮಗುವನ್ನು ಮುಟ್ಟಲು ಮನಸ್ಸಿಲ್ಲ ಅಂದರೆ, ಅದು ಕಾಯಿಲೆ, ಸೊಕ್ಕಲ್ಲ. ಹಿಂದೆ ಬಾಣಂತಿ ಸನ್ನಿ ಅಂದರೆ ಬೇವಿನ ಸೊಪ್ಪು ಹಿಡಿದು ಬರುತ್ತಿದ್ದರು. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಂಡು ನೋಡುವ ವಾರ್ಡೇ ಇದೆ. ಮಗುವನ್ನು ಕಿತ್ತುಕೊಳ್ಳುವುದಿಲ್ಲ.

"ಎತ್ತಿ ಎತ್ತಿ ಅಭ್ಯಾಸ ಆಗುತ್ತೆ, ಅಳಲಿ ಬಿಡು ಅಂತಾರೆ." ಇದು ಮೂರು ಚೀಟಿಯಲ್ಲಿತ್ತು. ಮೇರಿ ಐನ್ಸ್‌ವರ್ತ್ ಅನ್ನುವ ಸಂಶೋಧಕಿ ಮೊದಲು ಉಗಾಂಡಾದ ಹಳ್ಳಿಗಳಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರಿನಲ್ಲಿ ಮನೆ ಮನೆಗೆ ಹೋಗಿ ಗಂಟೆಗಟ್ಟಲೆ ಕೂತು ತಾಯಿ ಮಗುವನ್ನು ನೋಡಿದವರು. ಮೊದಲ ತಿಂಗಳುಗಳಲ್ಲಿ ಅತ್ತ ಕೂಡಲೇ ಎತ್ತಿಕೊಂಡವರ ಮಕ್ಕಳು ವರ್ಷ ತುಂಬುವ ಹೊತ್ತಿಗೆ ಅಳುವುದು ಕಡಿಮೆಯಾಗಿತ್ತು ಅಂತ 1972ರಲ್ಲಿ ಬರೆದರು. ಕೂಗಿದರೆ ಬರುತ್ತಾರೆ ಅಂತ ಗೊತ್ತಾದ ಮಗುವಿಗೆ ಜಾಸ್ತಿ ಕೂಗುವ ಅಗತ್ಯ ಇರುವುದಿಲ್ಲ. ಎತ್ತಿಕೊಳ್ಳುವವಳು ಅಮ್ಮನೇ ಆಗಬೇಕು ಅಂತ ಇಲ್ಲ. ಅಜ್ಜಿ, ಚಿಕ್ಕಮ್ಮ, ಅಪ್ಪ, ಯಾರ ಸೊಂಟವಾದರೂ ಸರಿ. ಆದರೆ ಅದೇ ನಾಲ್ಕು ಮುಖ ದಿನಾ ಇರಬೇಕು.

ಯಾರೂ ಓಗೊಡದಿದ್ದರೆ ಏನಾಗುತ್ತದೆ ಅನ್ನುವುದನ್ನು ಜಗತ್ತು ರುಮೇನಿಯಾದಲ್ಲಿ ನೋಡಿತು. ಅಲ್ಲಿ ಸರ್ಕಾರಿ ಅನಾಥಾಲಯಗಳಲ್ಲಿ ಸಾಲು ತೊಟ್ಟಿಲು. ಹೊತ್ತಿಗೆ ಸರಿಯಾಗಿ ಹಾಲು, ಬಟ್ಟೆ. ಎತ್ತಿಕೊಳ್ಳುವವರಿಲ್ಲ. 2000ದ ಸುಮಾರಿಗೆ ಸಂಶೋಧಕರು ಅಲ್ಲಿನ 136 ಮಕ್ಕಳಲ್ಲಿ ಅರ್ಧದಷ್ಟು ಜನರನ್ನು ಸಾಕುಮನೆಗಳಿಗೆ ಕಳಿಸಿ, ವರ್ಷಗಟ್ಟಲೆ ಹಿಂದೆ ಬಿದ್ದು ನೋಡಿದರು. ಮನೆ ಸಿಕ್ಕ ಮಕ್ಕಳು ಚೇತರಿಸಿಕೊಂಡರು. 2 ವರ್ಷಕ್ಕೆ ಮೊದಲೇ ಹೋದವರು ಇನ್ನೂ ಚೆನ್ನಾಗಿ.

ಮಾತಿಗೆ ಬರೋಣ. "ತಟ್ಟೆ" ಅನ್ನಿ. ಮೊದಲು ತ, ಆಮೇಲೆ ಟ. ನಮಗೆ ಹಗಲು ರಾತ್ರಿಯಷ್ಟು ಬೇರೆ. ಇಂಗ್ಲಿಷಿನವರಿಗೆ ಎರಡೂ ಒಂದೇ ಥರ ಕೇಳಿಸುತ್ತದೆ. ಆದರೆ ಕೆನಡಾದ ಜಾನೆಟ್ ವರ್ಕರ್ 1984ರಲ್ಲಿ ತೋರಿಸಿದ್ದೇನು ಗೊತ್ತಾ? ಇಂಗ್ಲಿಷ್ ಮನೆಯ 6-8 ತಿಂಗಳ ಕೂಸಿಗೆ ಹಿಂದಿಯ ತ ಮತ್ತು ಟ ಬೇರೆ ಬೇರೆ ಅಂತ ತಿಳಿಯುತ್ತದೆ! ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಹೋಗಿಬಿಡುತ್ತದೆ. ಮನೆಯಲ್ಲಿ ಬಳಸದ ಸದ್ದನ್ನು ಮೆದುಳು ಬಿಟ್ಟುಕೊಡುತ್ತದೆ. ನಮ್ಮ ಮೊಮ್ಮಕ್ಕಳು ಯಾವುದೋ ದೇಶದಿಂದ ಬಂದು "ಟಾಟಾ ಎಲ್ಲಿ" ಅಂತ ತಾತನನ್ನು ಕರೆಯುವುದು ಇದಕ್ಕೇ.

ಹಾಗಾದರೆ ಟಿವಿಯಲ್ಲಿ ಹತ್ತು ಭಾಷೆ ಹಾಕಿಬಿಡೋಣವಾ? ಅದನ್ನೂ ನೋಡಿದ್ದಾರೆ. 2003ರಲ್ಲಿ ಪೆಟ್ರೀಷಿಯಾ ಕೂಲ್ ಅವರ ತಂಡ 9 ತಿಂಗಳ ಅಮೆರಿಕನ್ ಕೂಸುಗಳಿಗೆ 12 ಸಲ ಚೀನೀ ಭಾಷೆ ಕೇಳಿಸಿತು. ಎದುರಿಗೆ ಮನುಷ್ಯರು ಕೂತು ಆಡಿಸಿದಾಗ ಕೂಸುಗಳು ಆ ಸದ್ದುಗಳನ್ನು ಹಿಡಿದವು. ಅದೇ ಮನುಷ್ಯರು, ಅದೇ ಮಾತು ಪರದೆಯ ಮೇಲೆ ಬಂದಾಗ ಏನೂ ಹತ್ತಲಿಲ್ಲ. ಪರದೆ ಓಗೊಡುವುದಿಲ್ಲವಲ್ಲ.

"ಮೊಬೈಲ್ ಇಲ್ಲದೆ ತುತ್ತು ಬಾಯಿಗೆ ಇಡಲ್ಲ" ಅನ್ನುವ ಚೀಟಿಗಳನ್ನು ಎಣಿಸುವುದನ್ನೇ ಬಿಟ್ಟೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು. ವರ್ಷದೊಳಗಿನ ಮಗುವಿಗೆ ಪರದೆ ಬೇಡವೇ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ನಾವು ಅಂಗಳದಲ್ಲಿ ಸೊಂಟದ ಮೇಲೆ ಕೂರಿಸಿಕೊಂಡು "ಚಂದಮಾಮ ನೋಡು" ಅಂತ ತುತ್ತು ಇಡುತ್ತಿದ್ದೆವು. ಅದರಲ್ಲಿ ಒಂದು ಗುಟ್ಟಿದೆ. ನೀವು ಬೆರಳು ತೋರಿಸುತ್ತೀರಿ, ಮಗು ಚಂದ್ರನನ್ನು ನೋಡುತ್ತದೆ, ಮತ್ತೆ ತಿರುಗಿ ನಿಮ್ಮ ಮುಖ ನೋಡುತ್ತದೆ. ನಾವಿಬ್ಬರೂ ಒಂದನ್ನೇ ನೋಡುತ್ತಿದ್ದೇವೆ ಅನ್ನುವ ತಿಳಿವು 9-12 ತಿಂಗಳಲ್ಲಿ ಮೂಡುತ್ತದೆ. ಎಲ್ಲ ಮಾತಿನ ಬೇರು ಅದು. ಫೋನ್ ಹಿಡಿಸಿದರೆ ಮಗು ನಿಮ್ಮ ಕಡೆ ತಿರುಗುವುದೇ ಇಲ್ಲ. ಹಾಗಂತ ಒಲೆ ಮೇಲೆ ಸಾರು, ಬಾಗಿಲಲ್ಲಿ ಹಾಲಿನವನು, ಮನೆಯಲ್ಲಿ ಇನ್ಯಾರೂ ಇಲ್ಲ ಅನ್ನುವವಳು ಹತ್ತು ನಿಮಿಷ ಫೋನ್ ಕೊಟ್ಟರೆ ನಾನು ಪೊಲೀಸರನ್ನು ಕರೆಯುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಕರೆದರೆ ತಿರುಗಿ ನೋಡದ ಮಗು, ವರ್ಷವಾದರೂ ಬೆರಳು ತೋರಿಸದ ಮಗು ಇದ್ದರೆ "ಅವರಪ್ಪನೂ ಲೇಟಾಗಿ ಮಾತಾಡಿದ್ದು" ಅಂತ ಕೂರಬೇಡಿ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ ಇದೆ, ನಾವೆಲ್ಲ ಸ್ಪೀಚ್ ಅಂಡ್ ಹಿಯರಿಂಗ್ ಅನ್ನುತ್ತೇವೆ. ಇಲ್ಲಿಂದ ಒಂದು ಗಂಟೆಯ ದಾರಿ. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ಪರೀಕ್ಷೆ, ತೊಂದರೆ ಇದ್ದರೆ ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಅನ್ನುವುದು ವೈದ್ಯರ ಲೆಕ್ಕ. ನಮ್ಮವರು ಬರುವುದು ಮೂರು ವರ್ಷಕ್ಕೆ.

ಈಗ ದೊಡ್ಡ ರಾಶಿ. ಎರಡು ವರ್ಷ.

ಮನೆಗೆ ಹೋಗಿ ಒಂದು ಆಟ ಆಡಿ. ಮಗುವಿಗೆ ಗೊತ್ತಾಗದ ಹಾಗೆ ಮೂಗಿನ ಮೇಲೆ ಕುಂಕುಮ ಹಚ್ಚಿ ಕನ್ನಡಿ ಮುಂದೆ ನಿಲ್ಲಿಸಿ. ವರ್ಷದ ಮಗು ಕನ್ನಡಿಯಲ್ಲಿರುವ ಮಗುವಿನ ಮೂಗನ್ನು ಮುಟ್ಟುತ್ತದೆ. ಒಂದೂವರೆ, ಎರಡು ವರ್ಷದ್ದು ತನ್ನ ಮೂಗನ್ನೇ ಮುಟ್ಟಿಕೊಳ್ಳುತ್ತದೆ. "ಅದು ನಾನು" ಅಂತ ಗೊತ್ತಾಯಿತು. ಅದರ ಹಿಂದೆಯೇ "ನಂದು", "ಬೇಡ", "ನಾನೇ ಹಾಕ್ಕೋತೀನಿ" ಬರುತ್ತದೆ. ಬರಲೇಬೇಕು. "ನಾನು" ಅನ್ನುವುದು ಇದೆಯೋ ಇಲ್ಲವೋ ಅಂತ ನೋಡಿಕೊಳ್ಳಲು ಅದಕ್ಕಿರುವ ಸುಲಭದ ದಾರಿ ನಿಮಗೆ "ಬೇಡ" ಅನ್ನುವುದು.

ಪೇಟೆ ಬೀದಿಯಲ್ಲಿ ನೆಲಕ್ಕೆ ಬಿದ್ದು ಹೊರಳಾಡುವ ಮಗುವಿಗೆ ಬೇಕಾದ್ದು ಬಲೂನೇ ಇರಬಹುದು. ಆದರೆ ಐದು ನಿಮಿಷ ಕಳೆದ ಮೇಲೆ ಅದಕ್ಕೆ ಬಲೂನ್ ನೆನಪಿರುವುದಿಲ್ಲ. ಸಿಟ್ಟು ಅದನ್ನು ನುಂಗಿರುತ್ತದೆ. ಸಿಟ್ಟು ಇಳಿಸಿಕೊಳ್ಳುವುದು ಅದಕ್ಕಿನ್ನೂ ಬರುವುದಿಲ್ಲ. ನೀವು ಪಕ್ಕದಲ್ಲಿ ಕೂತು ಕಾಯಿರಿ. ಬಲೂನ್ ಕೊಡಿಸಬೇಡಿ, ಹೊಡೆಯಲೂ ಬೇಡಿ. ನೋಡುವವರು ನೋಡಲಿ. ಇನ್ನು ಗುಮ್ಮ, ಪೊಲೀಸ್, "ಸೂಜಿ ಚುಚ್ಚಿಸ್ತೀನಿ" ಅನ್ನುವುದು. ನಾಳೆ ನಿಜವಾಗಿ ಜ್ವರ ಬಂದು ಸೂಜಿ ಚುಚ್ಚಿಸಬೇಕಾದಾಗ ಅದು ಡಾಕ್ಟರನ್ನು ಶಿಕ್ಷೆ ಕೊಡುವವನು ಅಂತಲೇ ನೋಡುತ್ತದೆ. ಯಾಕೆ ಬೇಕು?

"ನನ್ನ ಮಗ ಸುಳ್ಳು ಹೇಳ್ತಾನೆ. ನಾಲ್ಕು ವರ್ಷ. ನಮ್ಮನೇಲಿ ಯಾರೂ ಹಂಗಿಲ್ಲ." ಈ ತಾಯಿಗೆ ನಾನು ಮೊದಲು ಅಭಿನಂದನೆ ಹೇಳಬೇಕು. ನಿಮ್ಮ ಮನೆಯಲ್ಲೂ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಸೂಜಿ ದಾರ ಇಟ್ಟಿರುತ್ತೀರಿ, ಅಲ್ವಾ? ಅದನ್ನು ಮಗುವಿಗೆ ತೋರಿಸಿ, ಒಳಗೇನಿದೆ ಅಂತ ಕೇಳಿ. "ಬಿಸ್ಕತ್ತು." ತೆಗೆದು ತೋರಿಸಿ. ಸೂಜಿ ದಾರ. ಮತ್ತೆ ಮುಚ್ಚಿ. "ಈಗ ಅಣ್ಣ ಸ್ಕೂಲಿಂದ ಬರ್ತಾನೆ. ಇದರಲ್ಲಿ ಏನಿದೆ ಅಂದುಕೊಳ್ತಾನೆ?" ಮೂರು ವರ್ಷದ್ದು "ಸೂಜಿ" ಅನ್ನುತ್ತದೆ. ತನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತು ಅಂತ ಅದರ ಲೆಕ್ಕ. ನಾಲ್ಕು, ಐದರ ಮಗು ನಕ್ಕು "ಬಿಸ್ಕತ್ತು" ಅನ್ನುತ್ತದೆ. ಅಣ್ಣನ ತಲೆಯೊಳಗೆ ಬೇರೆಯದೇ ಇದೆ ಅಂತ ಅದಕ್ಕೆ ಹೊಳೆದಿದೆ. 1980ರ ದಶಕದಲ್ಲಿ ಪರ್ನರ್ ಮತ್ತು ವಿಮ್ಮರ್ ಅನ್ನುವವರು ಮಿಠಾಯಿ ಡಬ್ಬಿಯಲ್ಲಿ ಪೆನ್ಸಿಲ್ ಇಟ್ಟು ಇದನ್ನು ಕಂಡುಕೊಂಡರು. ಬೇರೆಯವರ ತಲೆಯಲ್ಲಿ ಇಲ್ಲದ್ದನ್ನು ಹಾಕಬಹುದು ಅಂತ ಗೊತ್ತಾದರೆ ತಾನೇ ಸುಳ್ಳು? ಅದೇ ತಿಳಿವಿನಿಂದ ನಾಳೆ ಅವನು ತಂಗಿ ಯಾಕೆ ಅಳುತ್ತಿದ್ದಾಳೆ ಅಂತಲೂ ಊಹಿಸುತ್ತಾನೆ.

ಸುಳ್ಳನ್ನು ಬೆಳೆಸಿ ಅಂತ ಹೇಳುತ್ತಿಲ್ಲ. 2014ರಲ್ಲಿ ಕಾಂಗ್ ಲೀ ಅನ್ನುವವರ ತಂಡ ಮಕ್ಕಳಿಗೆ ಬೇರೆ ಬೇರೆ ಕಥೆ ಹೇಳಿ ನೋಡಿತು. ಸುಳ್ಳು ಹೇಳಿದವನಿಗೆ ಶಿಕ್ಷೆಯಾಗುವ ಕಥೆ ಕೇಳಿದವರು ಮೊದಲಿನಷ್ಟೇ ಸುಳ್ಳು ಹೇಳಿದರು. ನಿಜ ಹೇಳಿದ್ದಕ್ಕೆ ಮೆಚ್ಚುಗೆ ಸಿಗುವ ಕಥೆ ಕೇಳಿದವರು ಜಾಸ್ತಿ ನಿಜ ಹೇಳಿದರು. ನಮ್ಮ ಪುಣ್ಯಕೋಟಿಯ ಮುಂದೆ ಹುಲಿಯೇ ಸೋಲುತ್ತದೆ. ಅದನ್ನು ಹೇಳಿ. "ತೋಳ ಬಂತು ತೋಳ" ಆಮೇಲೆ ಇರಲಿ.

ಅಂಗನವಾಡಿಯ ಅಕ್ಕಂದಿರು ಕೂತಿದ್ದೀರಿ, ಒಂದು ಮಾತು. ಈ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದಿದ್ದು ತಿ. ನರಸೀಪುರಕ್ಕೆ, ನಮ್ಮ ಪಕ್ಕಕ್ಕೇ. ಅಂದಿನಿಂದ ನೀವು ಮಕ್ಕಳನ್ನು ತೂಕ ಹಾಕುತ್ತಾ ಬಂದಿದ್ದೀರಿ. ಮಕ್ಕಳು ಮಣ್ಣಲ್ಲಿ ಕೂತು ಎಲೆಯಲ್ಲಿ ಅಡುಗೆ ಬಡಿಸುತ್ತಾ, ಒಬ್ಬಳು ಅತ್ತೆ ಒಬ್ಬಳು ಸೊಸೆ ಆಗುತ್ತಾರಲ್ಲ, ಅದನ್ನು ನಿಲ್ಲಿಸಿ ಎ ಬಿ ಸಿ ಡಿ ಬರೆಸಿ ಅಂತ ಅಪ್ಪಂದಿರು ಒತ್ತಾಯ ಮಾಡಿದರೆ ನನ್ನ ಹೆಸರು ಹೇಳಿ. ಅದೇ ಪಾಠ.

ಇನ್ನು ಒಂದೇ ಒಂದು ಚೀಟಿ ಬಂದ ವಯಸ್ಸು, 6ರಿಂದ 11. ಮಕ್ಕಳು ಹೇಗೆ ಯೋಚಿಸುತ್ತಾರೆ ಅಂತ ಹುಡುಕಿದ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಹುಟ್ಟಿದ್ದು 1896ರಲ್ಲಿ. ಯುವಕನಾಗಿದ್ದಾಗ ಪ್ಯಾರಿಸ್ಸಿನಲ್ಲಿ ಮಕ್ಕಳ ಬುದ್ಧಿ ಅಳೆಯುವ ಪ್ರಶ್ನೆಪತ್ರಿಕೆಗಳ ಕೆಲಸಕ್ಕೆ ಸೇರಿದ್ದ. ಉಳಿದವರು ಸರಿ ಉತ್ತರ ಎಣಿಸುತ್ತಿದ್ದರು. ಇವನಿಗೆ ತಪ್ಪು ಉತ್ತರದ ಮೇಲೆ ಕಣ್ಣು. ಒಂದೇ ವಯಸ್ಸಿನವರೆಲ್ಲ ಒಂದೇ ಥರ ತಪ್ಪು ಮಾಡುತ್ತಾರಲ್ಲ, ಯಾಕೆ? ಒಂದು ಲೋಟ ಮಜ್ಜಿಗೆಯನ್ನು ಅಗಲ ಬಟ್ಟಲಿಗೆ ಸುರಿಯಿರಿ. ಐದರ ಮಗು "ಕಮ್ಮಿ ಆಯ್ತು" ಅಂತ ಅಳುತ್ತದೆ. ಏಳರದ್ದು "ಅಷ್ಟೇ ಇದೆ, ವಾಪಸ್ ಸುರಿದು ನೋಡು" ಅನ್ನುತ್ತದೆ. ಯಾರೂ ಹೇಳಿಕೊಟ್ಟಿರುವುದಿಲ್ಲ.

ಆಮೇಲೆ ಪಿಯಾಜೆ ಮಕ್ಕಳ ಜೊತೆ ಗೋಲಿ ಆಡಲು ಕೂತರು, ನಿಯಮ ಗೊತ್ತಿಲ್ಲದವರ ಹಾಗೆ. ಚಿಕ್ಕವರಿಗೆ ನಿಯಮ ಅಂದರೆ ದೊಡ್ಡವರು ಹಾಕಿದ್ದು, ಮುಟ್ಟಲೇಬಾರದು. ಹತ್ತು ಹನ್ನೊಂದರವರಿಗೆ ಎಲ್ಲರೂ ಒಪ್ಪಿದರೆ ಬದಲಾಯಿಸಬಹುದು ಅಂತ ಗೊತ್ತು. ನಮ್ಮ ಬೀದಿಯ ಲಗೋರಿಯಲ್ಲೂ ಇದೇ. ಆಟಕ್ಕಿಂತ ಜಗಳವೇ ಜಾಸ್ತಿ ಹೊತ್ತು, "ಔಟು", "ಔಟಿಲ್ಲ". ಆ ಜಗಳವೇ ಪಂಚಾಯ್ತಿ ಕಟ್ಟೆ. ದೊಡ್ಡವರು ನಿಂತು ಆಡಿಸುವ ಕೋಚಿಂಗ್ ಕ್ಯಾಂಪಿನಲ್ಲಿ ಜಗಳಕ್ಕೆ ಜಾಗ ಇಲ್ಲ. ಸಂಜೆ ಒಂದು ಗಂಟೆ ಐಕ್ಳನ್ನು ಬೀದಿಗೆ ಬಿಡಿ.

ಈ ವಯಸ್ಸಿನಲ್ಲಿ ಮಕ್ಕಳು ಪಕ್ಕದವರ ಜೊತೆ ಹೋಲಿಸಿಕೊಳ್ಳುವುದನ್ನು ತಾವಾಗಿಯೇ ಶುರು ಮಾಡುತ್ತಾರೆ. ನಾವು ಸೇರಿಸಬೇಕಿಲ್ಲ. ನಾನು ಸೇರಿಸಿದ್ದೆ. ನೆಂಟರ ಮುಂದೆ ನನ್ನ ಮಗನ ಗಣಿತದ ಅಂಕ ಹೇಳಿ, ಅವರ ಮಗಳನ್ನು ಹೊಗಳಿದ್ದೆ. ಅವನಿಗೀಗ ಮೂವತ್ತು ದಾಟಿದೆ. ಅಂಕ ನನಗೆ ಮರೆತಿದೆ, ಅವನಿಗೆ ನೆನಪಿದೆ.

ಅಕ್ಷರ ದುಂಡಗಿಲ್ಲ ಅಂದವರೇ, ಆಗುತ್ತದೆ ಬಿಡಿ.

ಕೊನೆಯ ರಾಶಿ. "ಮಗಳು ರೂಮಿನ ಬಾಗಿಲು ಹಾಕ್ಕೋತಾಳೆ." "ಮಗ ಎದುರು ಮಾತಾಡ್ತಾನೆ." "ಎಂಟು ಗಂಟೆಯಾದ್ರೂ ಏಳಲ್ಲ."

ನಮ್ಮ ಕಡೆ ಹುಡುಗಿ ಮೈನೆರೆದರೆ ಗುಡ್ಲು ಹಾಕಿ, ಒಸಗೆ ಮಾಡಿ, ಈಗೀಗ ಬೀದಿಯಲ್ಲಿ ಅವಳ ಫೋಟೊ ಇರುವ ಫ್ಲೆಕ್ಸೂ ಕಟ್ಟುತ್ತಾರೆ. ಡೇವಿಡ್ ಎಲ್ಕಿಂಡ್ ಅನ್ನುವವರು 1967ರಲ್ಲಿ ಬರೆದಿದ್ದರು. ಹರೆಯದವರಿಗೆ ಸದಾ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ. ಮುಖದ ಮೇಲೆ ಒಂದು ಮೊಡವೆ ಎದ್ದರೆ ಇಡೀ ಊರು ನೋಡಿತು ಅಂತ ಲೆಕ್ಕ. ಅಂಥ ವಯಸ್ಸಿನಲ್ಲಿ ನಾವು ನಿಜವಾಗಿಯೂ ಇಡೀ ಊರಿಗೆ ತೋರಿಸುತ್ತೇವೆ. ಅವಳನ್ನು ಒಂದು ಮಾತು ಕೇಳಿ ಆಮೇಲೆ ಮಾಡಿ. ಹುಡುಗರದ್ದು ಇದಕ್ಕೆ ತಿರುಗುಮುರುಗು. ಅವರ ಮೈ ಬದಲಾದಾಗ ಮನೆಯಲ್ಲಿ ಒಬ್ಬರೂ ತುಟಿ ಬಿಚ್ಚುವುದಿಲ್ಲ. ಅವನು ಫೋನಿನಲ್ಲಿ ಹುಡುಕುತ್ತಾನೆ. ಏನು ಸಿಗುತ್ತದೆ ಅಂತ ನಿಮಗೂ ಗೊತ್ತು.

ಮುಚ್ಚಿದ ಬಾಗಿಲ ಹಿಂದೆ ನಡೆಯುವುದು "ನಾನು ಯಾರು" ಅನ್ನುವ ಕೆಲಸ. ಇದನ್ನು ಚೆನ್ನಾಗಿ ಬರೆದವರು ಎರಿಕ್ ಎರಿಕ್ಸನ್. ಅವರಿಗೆ ತಮ್ಮ ಹೆತ್ತಪ್ಪ ಯಾರು ಅಂತ ಕೊನೆಯವರೆಗೂ ಗೊತ್ತಾಗಲಿಲ್ಲ. ಅಮೆರಿಕದ ಪೌರರಾದಾಗ ಮನೆತನದ ಹೆಸರನ್ನೇ ಬದಲಾಯಿಸಿ "ಎರಿಕ್ಸನ್", ಎರಿಕ್ಕನ ಮಗ ಅಂತ ಇಟ್ಟುಕೊಂಡರು. ತಮಗೆ ತಾವೇ ಮಗ! ಅಂಥವರು ಹೇಳಿದ್ದು, ಬಾಗಿಲು ತಟ್ಟಿ ಒಳಗೆ ಹೋಗಿ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಮೆದುಳಿನ ವಿಷಯ. ಆಸೆ, ಹುರುಪು, ಸಿಟ್ಟು ಹುಟ್ಟುವ ಭಾಗ ಹದಿಮೂರಕ್ಕೇ ಜೋರಾಗುತ್ತದೆ. ತಡೆದು ಯೋಚಿಸುವ ಹಣೆಯ ಹಿಂದಿನ ಭಾಗ ಬಲಿಯುವುದು 25ರ ಆಸುಪಾಸು. ಹೋರಿ ಬೆಳೆದಿದೆ, ಮೂಗುದಾರ ಇನ್ನೂ ಹೊಸೆಯುತ್ತಿದ್ದಾರೆ. 2005ರಲ್ಲಿ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಒಂದು ಕಾರು ಓಡಿಸುವ ಕಂಪ್ಯೂಟರ್ ಆಟ ಆಡಿಸಿದರು. ಒಬ್ಬರೇ ಆಡುವಾಗ ಹುಡುಗರಿಗೂ ದೊಡ್ಡವರಿಗೂ ಅಂಥ ವ್ಯತ್ಯಾಸ ಇಲ್ಲ. ಗೆಳೆಯರು ಹಿಂದೆ ನಿಂತು ನೋಡಿದಾಗ 13-16ರವರು ಹತ್ತಿರ ಹತ್ತಿರ ದುಪ್ಪಟ್ಟು ಅಪಾಯಕ್ಕೆ ಕೈ ಹಾಕಿದರು. ದೊಡ್ಡವರಲ್ಲಿ ಏನೂ ಬದಲಾಗಲಿಲ್ಲ. ಒಬ್ಬನೇ ಇದ್ದಾಗ ನಾಲೆಯ ದಡದಲ್ಲಿ ಕಾಲು ಇಳಿಬಿಟ್ಟು ಕೂರುವ ಹುಡುಗ, ಮೂವರು ಜೊತೆಗಿದ್ದು ಒಬ್ಬ ವಿಡಿಯೊ ಮಾಡುತ್ತಿದ್ದರೆ ಸೇತುವೆ ಮೇಲಿನಿಂದ ಹಾರುತ್ತಾನೆ. ಅವನಿಗೆ ಅಪಾಯ ಗೊತ್ತಿಲ್ಲ ಅಂತಲ್ಲ. ಹಾಗಾಗಿ ಬುದ್ಧಿ ಹೇಳುವುದಕ್ಕಿಂತ, ಯಾರ ಜೊತೆ ಹೋದ, ಗಾಡಿ ಕೀ ಯಾರ ಹತ್ತಿರ ಇದೆ ಅಂತ ನೋಡುವುದು ಕೆಲಸಕ್ಕೆ ಬರುತ್ತದೆ.

ಏಳದಿರುವುದು ಸೋಮಾರಿತನ ಅಲ್ಲ. ಹರೆಯದಲ್ಲಿ ನಿದ್ದೆ ತರುವ ಹಾರ್ಮೋನು ರಾತ್ರಿ ತಡವಾಗಿ ಬರಲು ಶುರುವಾಗುತ್ತದೆ. ಹನ್ನೊಂದಾದರೂ ಕಣ್ಣು ಎಳೆಯುವುದಿಲ್ಲ. ಬೇಕಾದ ನಿದ್ದೆ 8ರಿಂದ 10 ಗಂಟೆ. ನಾವು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೆಳಿಗ್ಗೆ ಐದೂವರೆಗೆ ಟ್ಯೂಷನ್ ಇಟ್ಟಿದ್ದೇವೆ. ಓದಿದ್ದು ತಲೆಯಲ್ಲಿ ನಿಲ್ಲುವುದು ನಿದ್ದೆಯಲ್ಲಿ. ಆ ನಿದ್ದೆಯನ್ನೇ ಕತ್ತರಿಸಿ ಓದಿಸುತ್ತೇವೆ. ಬ್ರಾಹ್ಮೀ ಮುಹೂರ್ತ ಅರವತ್ತರ ನನಗೆ ಸರಿ.

ಒಂದನ್ನು ಮಾತ್ರ ಹರೆಯ ಅಂತ ತಳ್ಳಿಹಾಕಬೇಡಿ. ಎರಡು ವಾರ ಯಾರ ಜೊತೆಯೂ ಸೇರದೆ, ಊಟ ನಿದ್ದೆ ಕೆಟ್ಟು, ಇಷ್ಟದ ವಸ್ತುಗಳನ್ನೆಲ್ಲ ಬೇರೆಯವರಿಗೆ ಕೊಟ್ಟುಬಿಡುತ್ತಿದ್ದರೆ ನೇರವಾಗಿ ಕೇಳಿ. "ಸಾಯಬೇಕು ಅನ್ನಿಸ್ತಿದೆಯಾ ಮಗಾ?" ಕೇಳಿದರೆ ಇಲ್ಲದ ಯೋಚನೆ ಬರುವುದಿಲ್ಲ. ಕೇಳುವವರು ಇದ್ದಾರೆ ಅಂತ ಗೊತ್ತಾಗುತ್ತದೆ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಕ್ಕಳು ತಾವೇ ಮಾಡಬಹುದಾದ್ದು 1098. ಎರಡನ್ನೂ ಈಗಲೇ ಫೋನಿನಲ್ಲಿ ಹಾಕಿಕೊಳ್ಳಿ. ನಾನು ಕಾಯುತ್ತೇನೆ.

(ಇಲ್ಲಿ ರೆಕಾರ್ಡಿಂಗಿನಲ್ಲಿ ಒಂದು ನಿಮಿಷ ಬರೀ ಗದ್ದಲ. ಆಮೇಲೆ ಪ್ರಶ್ನೆ ಕೇಳಿ ಅಂದೆ. ಯಾರೂ ಕೇಳಲಿಲ್ಲ, ಊಟದ ವಾಸನೆ ಬರುತ್ತಿತ್ತು. ಮೆಟ್ಟಿಲು ಇಳಿಯುವಾಗ ಒಬ್ಬ ಅಜ್ಜಿ ಕೈ ಹಿಡಿದರು.)

"ಒಟ್ಟೇಲಿರೋ ಕೂಸ್ಗೆ ಕೇಳ್ತದೆ ಅಂದ್ರಲ್ಲವ್ವ, ದಿಟವಾ?"

"ದಿಟ ಅಜ್ಜಿ. ಮಾತು ತಿಳಿಯಲ್ಲ, ದನಿ ಕೇಳುತ್ತೆ."

"ನಮ್ಮ ದೊಡ್ಡೋನು ಒಟ್ಟೇಲಿದ್ದಾಗ ನಾನೂ ನಮ್ಮತ್ತೇನೂ ದಿನಾ ಬೋದಾಡ್ತಿದ್ದೋ. ಅದೆಲ್ಲಾನೂವೆ ಕೇಳಿಸ್ಕಂಡಿದ್ದಾನಾ?"

ಅಷ್ಟಕ್ಕೆಲ್ಲ ಏನೂ ಆಗಲ್ಲ ಅಜ್ಜಿ, ಹುಟ್ಟಿದ ಮೇಲೆ ನೀವು ಎತ್ತಿ ಆಡಿಸಿದ್ದೀರಲ್ಲ ಅಂದೆ. ಅಜ್ಜಿ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಒಪ್ಪಿದ ಹಾಗೆ ಕಾಣಲಿಲ್ಲ.

"ಅದ್ಕೇ ಕಣವ್ವ, ನಲವತ್ತಾದ್ರೂವೆ ಅವ್ನು ನಮ್ಮತ್ತೆ ಥರಾನೇ ಆಡೋದು" ಅಂದು, ತಟ್ಟೆ ತೆಗೆದುಕೊಳ್ಳಲು ಸಾಲಿನ ಕಡೆ ಹೊರಟರು.